ಬಾಗಿಲಲ್ಲಿ ನಿಂತವಳ ಆಯುಧ

"ಕೈಗೆ ಏನು ಕೊಡೋಣ, ಹೇಳಿ" ಎಂದು ಕಟಿಂಗ್ ಮಾಸ್ತರು ಕೇಳಿದಾಗ ಗೇಟಕ್ಕ ಯೋಚಿಸಲೇ ಇಲ್ಲ. ಒಂದು ಬಲೆ, ಒಂದು ಗಿಡ್ಡ ದೊಣ್ಣೆ ಸಾಕು ಎಂದಳು.

ಭಾನುವಾರದ ಮಧ್ಯಾಹ್ನ. ಮಾಸ್ತರ ಒಂದೇ ಕೋಣೆಯ ಮನೆಯಲ್ಲಿ ಮಂಚವನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ನೆಲದ ಮೇಲೆ ಖಾಕಿ ಕಾಗದ ಹಾಸಿದ್ದರು. ಅದರ ಮೇಲೆ ಪೆನ್ಸಿಲಿನಲ್ಲಿ ಬರೆದ ಒಂದು ಊರು, ಸುತ್ತ ಕೋಟೆಗೋಡೆ, ಒಂದೇ ಬಾಗಿಲು. ಇದೊಂದು ಆಟ; ಕಥೆ ನಡೆಸುವವರು ಮಾಸ್ತರು. ಉಳಿದವರು ಆಳಿಗೊಂದು ಪಾತ್ರ ಹಿಡಿದು, ದಾಳ ಉರುಳಿಸುತ್ತ ಆ ಕಥೆಯೊಳಗೆ ಬದುಕಬೇಕು. ಇಸ್ತ್ರಿ ಅಣ್ಣ ಮಂತ್ರವಾದಿ. ಅಂಗಿಗಳಿಗೆ ಕಾಜ ಹೊಲಿಯುವವಳು ವೈದ್ಯೆ. ಎಲ್ಲರ ಮುಂದೆ ನಿಂತು ಏಟು ತಡೆಯುವ ಕಾವಲುಗಾರನಾಗಿದ್ದವನು ಬೇರೆ ಊರಿಗೆ ಹೋದ ಮೇಲೆ ಆಟ ನಿಂತುಹೋಗಿತ್ತು. ದಿನವಿಡೀ ಗಾರ್ಮೆಂಟ್ಸ್ ಫ್ಯಾಕ್ಟರಿಯ ಗೇಟಿನಲ್ಲಿ ಕಾವಲು ನಿಲ್ಲುವವಳಿಗೆ ಇಲ್ಲಿ ನಿಲ್ಲುವುದೇನು ಮಹಾ ಎಂದು ಮಾಸ್ತರು ಇವಳನ್ನು ಕರೆದಿದ್ದರು.

ಫ್ಯಾಕ್ಟರಿ ಸೇರಿದ ಮೇಲೆ ಅವಳನ್ನು ಯಾರಾದರೂ ಮನೆಗೆ ಕರೆದದ್ದು ಇದೇ ಮೊದಲು. ಆಫೀಸಿನವರಿಗೆ ಅವಳು ಆಳು, ಹೊಲಿಗೆಯವರಿಗೆ ಆಫೀಸಿನ ಕಣ್ಣು. ಚಹಾ ಬಿಡುವಿನಲ್ಲೂ ಅವಳ ಸ್ಟೂಲಿನ ಹತ್ತಿರ ಯಾರೂ ಸುಳಿಯುತ್ತಿರಲಿಲ್ಲ. ಇವತ್ತು ಎರಡೆರಡು ಸಲ ತಲೆ ಬಾಚಿಕೊಂಡು ಬಂದಿದ್ದಳು.

ಬಲೆ ಯಾಕೆ ಎಂದು ಮಾಸ್ತರು ಕೇಳಿದರು.

"ಓಡೋರನ್ನ ಹಿಡಿಯೋಕೆ. ದೊಣ್ಣೆ, ಅಡ್ಡ ಹಿಡಿಯೋಕೆ" ಎನ್ನುತ್ತ ಅವಳು ತನ್ನ ಆಟದ ಕಾಯಿಯಾದ ಮುಕ್ಕೋನದ ಸೀಮೆಸುಣ್ಣವನ್ನು ಕೋಟೆಯ ಬಾಗಿಲಲ್ಲಿಟ್ಟಳು. ಅದರ ಮೊನೆ ಊರಿನ ಮನೆಗಳ ಕಡೆಗಿತ್ತು.

ಇಸ್ತ್ರಿ ಅಣ್ಣ ನಕ್ಕುಬಿಟ್ಟ. "ಗೇಟಕ್ಕ, ಲೂಟಿಗೆ ಬರೋರು ಹೊರಗಿಂದ ಬರ್ತಾರೆ. ನೀವು ನೋಡಿದ್ರೆ ಊರೋರಿಗೇ ದೊಣ್ಣೆ ತೋರಿಸ್ತಿದ್ದೀರಲ್ಲ."

"ಅವರಿಗೆ ಗೊತ್ತಿರೋ ಕಾವಲು ಅದೇ" ಎಂದಳು ಕಾಜದವಳು. ಅವಳು ನಗಲಿಲ್ಲ. ಇಸ್ತ್ರಿ ಅಣ್ಣನ ನಗುವೂ ಅಲ್ಲೇ ಆರಿತು.

ಹೋದ ವಾರ ಒಂದು ದಾರದ ಉಂಡೆ ಕಾಣೆಯಾಗಿತ್ತು. ಸಂಜೆ ಗೇಟಿನಲ್ಲಿ ಇದೇ ಗೇಟಕ್ಕ ಕಾಜದವಳ ಸೊಂಟ ತಡವಿ, ಚೀಲ ಸುರುವಿ, ಎಲ್ಲರೆದುರು ಜಡೆ ಬಿಚ್ಚಿಸಿದ್ದಳು. ಏನೂ ಸಿಕ್ಕಿರಲಿಲ್ಲ. ದಾರಕ್ಕಿದ್ದ ಮರ್ಯಾದೆ ಅದನ್ನು ಹೊಲಿಯುವವಳಿಗಿರಲಿಲ್ಲ. ಗಂಟೆ ಹೊಡೆದ ಮೇಲೂ ಈ ಜನರನ್ನು ಪುಕ್ಕಟೆ ದುಡಿಸಿಕೊಂಡು ಕದ್ದ ಸಂಜೆಗಳು ದಿನವೂ ಅದೇ ಗೇಟಿನಿಂದ ಯಜಮಾನನ ಕಾರಿನಲ್ಲಿ ಹೊರಗೆ ಹೋಗುತ್ತಿದ್ದವು. ಆ ಕಾರಿಗೆ ತಪಾಸಣೆ ಇರಲಿಲ್ಲ.

ಗೇಟಕ್ಕ ಯಾವತ್ತಿನ ಮಾತನ್ನೇ ಆಡಿದಳು: ಮೇಲಿನವರ ಅಪ್ಪಣೆ, ತಾನಲ್ಲದಿದ್ದರೆ ಇನ್ನೊಬ್ಬಳು ಮಾಡುತ್ತಾಳೆ. ಕಾಜದವಳು ಮುಖ ತಿರುಗಿಸಿದಳು. ಎದ್ದು ಹೋಗಿಬಿಡಲೇ ಎಂದು ಗೇಟಕ್ಕನಿಗೆ ಅನ್ನಿಸಿತು. ಹೋದರೆ ನಾಳೆಯಿಂದ ಮತ್ತದೇ ಸ್ಟೂಲು.

"ಹಾಗಾದ್ರೆ ದೊಡ್ಡ ಗುರಾಣಿ ಒಂದೇ ಕೊಡಿ" ಎಂದಳು ತಲೆ ತಗ್ಗಿಸಿ. ಅದನ್ನು ಎರಡೂ ಕೈಯಲ್ಲಿ ಹಿಡಿಯಬೇಕು, ಬೇರೆ ಆಯುಧಕ್ಕೆ ಕೈಯಿರುವುದಿಲ್ಲ, ಬಿದ್ದ ಏಟನ್ನೆಲ್ಲ ತಿನ್ನುತ್ತ ನಿಲ್ಲಬೇಕಾಗುತ್ತದೆ ಎಂದು ಮಾಸ್ತರು ವಿವರಿಸಿದರು. ಅವಳು ಪರವಾಗಿಲ್ಲ ಎಂದಳು.

"ನಿಮಗೆ ಪರವಾಗಿಲ್ಲ, ನಮಗೆ ಆಗಲ್ಲ" ಎಂದಳು ಕಾಜದವಳು. "ಏಟು ತಿಂದು ಲೆಕ್ಕ ತೀರಿಸ್ಕೊಳ್ಳೋ ಜಾಗ ಅಲ್ಲ ಇದು. ನೀವು ಬಿದ್ರೆ ಹಿಂದಿರೋರೆಲ್ಲ ಸಾಯ್ತೀವಿ. ಸುಮ್ನೆ ನಿಂತ್ಕೊಳ್ಳೋದನ್ನ ಫ್ಯಾಕ್ಟರಿ ಗೇಟಲ್ಲೂ ಮಾಡ್ತೀರಿ."

ಗೇಟಕ್ಕನ ಕಿವಿ ಬಿಸಿಯಾಯಿತು. ಆದರೂ ಕಾಗದದ ಹತ್ತಿರಕ್ಕೆ ಸರಿದು ಕೂತು ಒಂದೊಂದಾಗಿ ವಿಚಾರಿಸತೊಡಗಿದಳು. ಕತ್ತಿಯಾದರೆ ವೈರಿ ಮೈಮೇಲೆ ಬಂದ ಮೇಲೆಯೇ ಕೆಲಸಕ್ಕೆ ಬರುವುದು. ಕೊಡಲಿಗೆ ಎರಡು ಕೈ ಬೇಕು. ಈಟಿ?

"ಹತ್ತಿರ ಬರೋಕೆ ಮುಂಚೆನೇ ಒಂದು ತಿವಿತ" ಎಂದರು ಮಾಸ್ತರು. "ತಗುಲಿದ್ರೆ ಅವನು ಅಲ್ಲೇ ನಿಲ್ಲಬೇಕು. ಒಳಗೆ ಬರೋ ಹಾಗಿಲ್ಲ."

"ಇನ್ನೊಂದು ಕೈಗೆ ಸಣ್ಣ ಗುರಾಣಿ?"

"ಬರುತ್ತೆ."

"ಅದೇ ಕೊಡಿ." ಅವಳು ಸೀಮೆಸುಣ್ಣವನ್ನು ಎತ್ತಿ, ಮೊನೆಯನ್ನು ಕೋಟೆಯ ಹೊರಗಿನ ಬಯಲಿನ ಕಡೆಗೆ ತಿರುಗಿಸಿ ಇಟ್ಟಳು.

ಮಾಸ್ತರು ಕಾಗದದ ಆಚೆ ಅಂಚಿನಲ್ಲಿ ಗುಂಡುಸೂಜಿಗಳನ್ನು ಸಾಲಾಗಿ ಜೋಡಿಸಿದರು; ಅವೇ ಲೂಟಿಕೋರರು. ಕಾಜದವಳ ಕಾಯಿ ಒಂದು ನೀಲಿ ಗುಂಡಿ. ಊರಿನ ಕೊನೆಯ ಮನೆಯಲ್ಲಿ ಅಡಗಿಸಿಟ್ಟಿದ್ದ ಅದನ್ನು ಅವಳು ಒಂದೇ ಬೆರಳಿನಿಂದ ತಳ್ಳುತ್ತ, ಬೀದಿಯುದ್ದಕ್ಕೂ ತಂದು ಸೀಮೆಸುಣ್ಣದ ಬೆನ್ನಿಗೆ ತಾಗಿಸಿ ನಿಲ್ಲಿಸಿದಳು.

ಗೇಟಕ್ಕನ ಕಣ್ಣು ಅಭ್ಯಾಸಬಲದಿಂದ ಆ ಗುಂಡಿಯ ಕಡೆ ಹೊರಳಿತು. ಆಮೇಲೆ ನಿಧಾನವಾಗಿ ಬಯಲಿಗೆ ಮರಳಿ, ಸೂಜಿಗಳ ಮೇಲೆ ನಿಂತಿತು. ಸುಣ್ಣದ ಪುಡಿ ಮೆತ್ತಿದ ಕೈಯಿಂದ ಅವಳು ದಾಳ ತೆಗೆದುಕೊಂಡಳು.