ತುಕ್ಕಿನ ಕೈ

ಎಲ್ಲಿಂದ ಶುರು ಮಾಡಲಿ? ಕತ್ತಿಯಿಂದ ಮಾತ್ರ ಬೇಡ ಎಂದು ಮನೆಯೊಡತಿ ಮಸುಯೊ-ಸಾನ್ ಮೊದಲೇ ತಾಕೀತು ಮಾಡಿದ್ದಾರೆ. ಕತ್ತಿ ಬಂದರೆ ಹಿಂದೆಯೇ ಯೋಧ ಬರುತ್ತಾನೆ, ಯೋಧ ಬಂದರೆ ಚೆರ್ರಿ ಹೂವು ಉದುರುತ್ತದೆ, ಆಮೇಲೆ ಯಾರಾದರೂ ಹೊಟ್ಟೆ ಸೀಳಿಕೊಳ್ಳದೆ ಕಥೆ ಮುಗಿಯುವುದಿಲ್ಲ. ನನ್ನ ಮೊದಲ ಕರಡಿನಲ್ಲಿ ಇವೆಲ್ಲವೂ ಇದ್ದವು. ಹರಿದು ಹಾಕಿದೆ. (ಸುಳ್ಳು. ಲ್ಯಾಪ್‌ಟಾಪಿನಲ್ಲಿ ‘ಹಳೇದು’ ಅನ್ನುವ ಫೋಲ್ಡರಿಗೆ ತಳ್ಳಿದೆ. ಈಗ ಯಾರು ಹರಿಯುತ್ತಾರೆ?)

೧

ಜಪಾನಿನ ಕುಮಾಮೊತೊದಲ್ಲಿ, ಟ್ರಾಮ್ ತಿರುಗುವ ಮೂಲೆಯ ಹಿಂದಿನ ಓಣಿಯಲ್ಲಿ, ಮಸುಯೊ-ಸಾನ್ ಮನೆಯ ಮಹಡಿಯ ಮೇಲೆ ನಾನು ಬಾಡಿಗೆಗಿದ್ದೇನೆ. ಎಷ್ಟು ವರ್ಷದಿಂದ ಎಂದರೆ, ನನ್ನನ್ನು ಬೈಯಲು ಅವರು ಸಂಕೋಚಪಡುವುದನ್ನು ಬಿಟ್ಟು ಬಹಳ ಕಾಲವಾಯಿತು. ಕೆಳಗೆ ಅವರ ಕೆಲಸದ ಕೋಣೆ. ಹಳೆಯ ಕತ್ತಿಗಳ ಹಿಡಿಗೂ ಅಲಗಿಗೂ ನಡುವೆ ಕೂರುವ ಕಬ್ಬಿಣದ ಬಿಲ್ಲೆಗಳಿಗೆ ಕಳೆದುಹೋದ ಬಣ್ಣವನ್ನು ಮರಳಿ ತರಿಸುವುದು ಅವರ ಕಸುಬು. ಅಪ್ಪನಿಂದ ಕಲಿತದ್ದು.

ಕೆಂಪು ತುಕ್ಕು ಕಬ್ಬಿಣವನ್ನು ತಿನ್ನುತ್ತದೆ, ಕಪ್ಪು ತುಕ್ಕು ಕಾಯುತ್ತದೆ. ಕೆಂಪನ್ನು ಜಿಂಕೆಕೊಂಬಿನ ಚೂಪಿನಿಂದ ಕೆರೆಯಬೇಕು. ಆಮೇಲೆ ಹಗಲು ಹತ್ತಿಬಟ್ಟೆಯಲ್ಲಿ, ಸಂಜೆ ಬರಿಗೈಯಲ್ಲಿ ಉಜ್ಜುತ್ತ ಹೋಗಬೇಕು, ವರ್ಷಗಟ್ಟಲೆ. ಅಂಗೈಯ ಬಿಸಿಯನ್ನೂ ಜಿಡ್ಡನ್ನೂ ಕುಡಿದು ಕುಡಿದು ಕಬ್ಬಿಣ ಕಪ್ಪಾಗುತ್ತದೆ. ಬರೀ ಕಪ್ಪಲ್ಲ, ಚೆನ್ನಾಗಿ ಬೆಂದು ಆರಿದ ಕೆಂಪು ಕಾಳಿನ ಹೂರಣದ ಬಣ್ಣ ಬರಬೇಕು ಎಂದು ಅವರ ಅಪ್ಪ ಹೇಳುತ್ತಿದ್ದರಂತೆ.

೨

ಈ ಕಥೆಯ ಬಿಲ್ಲೆಯನ್ನು ಯಾರೋ ಗಿರಾಕಿ ಅಪ್ಪನ ಕೈಗೆ ಕೊಟ್ಟು, ಮರಳಿ ಬರಲೇ ಇಲ್ಲ. ಅಪ್ಪ ಅದನ್ನು ಸೊಂಟಪಟ್ಟಿಗೆ ಸಿಕ್ಕಿಸಿಕೊಂಡು ಓಡಾಡಿದರು, ಸಾಯುವ ತನಕ ಉಜ್ಜಿದರು. ಅವರು ಹೋದ ಮೇಲೆ ಊರಿಗೆ ಬಂದ ಭೂಕಂಪದಲ್ಲಿ ಹಿಂದಿನ ಗೋಡೆ ಕುಸಿದಾಗ ಅದು ಮಳೆಗಾಲವಿಡೀ ಕೆಸರಿನಡಿ ಬಿದ್ದಿತ್ತು. ತೆಗೆದಾಗ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಅಲ್ಲಲ್ಲಿ ಅಪ್ಪನ ಕಪ್ಪು ಮಾತ್ರ ಉಳಿದಿತ್ತು. ಆ ಕಪ್ಪಿಗೆ ತಮ್ಮ ಕಪ್ಪನ್ನು ಕೂಡಿಸುತ್ತ ಮಸುಯೊ-ಸಾನ್ ಅಂದಿನಿಂದ ಉಜ್ಜುತ್ತಲೇ ಇದ್ದರು.

ಬಿಲ್ಲೆಯ ಮೇಲೆ ಎರಡು ಕೊಕ್ಕರೆಗಳು ರೆಕ್ಕೆ ಬಿಚ್ಚಿ ನಿಂತಿವೆ, ಎಂದು ಬರೆದಿದ್ದೆ. ಬರೆದದ್ದನ್ನು ಅವರ ಭಾಷೆಗೆ ತಿರುಗಿಸಿ ಓದಿಹೇಳುವುದು ನಮ್ಮಲ್ಲಿ ರೂಢಿ. ನನ್ನ ದುಂಡು ಅಕ್ಷರಗಳ ಮೇಲೆ ಅವರಿಗೆ ನಂಬಿಕೆಯಿಲ್ಲ.

“ಕೊಕ್ಕರೆ ಎಲ್ಲಿಂದ ಬಂತು?”

“ಚೆನ್ನಾಗಿರತ್ತೆ ಅಂತ.”

“ಅದ್ರಲ್ಲಿರೋದು ಮೂಲಂಗಿ.”

“ಅಕ್ಕ-ತಂಗಿ ಕಥೆ ಅಲ್ವಾ, ಎರಡು ಕೊಕ್ಕರೆ ಇದ್ರೆ...”

“ಮೂಲಂಗಿ. ಒಂದೇ ಒಂದು. ಸೊಪ್ಪಿನ ಸಮೇತ.”

ಮೂಲಂಗಿಯೇ ಇರಲಿ. (ತಂಗಿ ಇದ್ದಾರೆ ಎಂದು ಬಾಯಿಬಿಟ್ಟೆ. ಬರುತ್ತಾರೆ, ತಾಳಿ.)

೩

ಹೋದ ವರ್ಷ ಮಸುಯೊ-ಸಾನ್‌ಗೆ ಆಪರೇಷನ್ ಆಯಿತು. ಗುಣವಾದರು, ಮಾತ್ರೆಗಳು ಉಳಿದುಕೊಂಡವು. ಈ ವಸಂತದಲ್ಲಿ ಒಂದು ಬೆಳಿಗ್ಗೆ ಬಿಲ್ಲೆಯ ಅಂಚಿನಲ್ಲಿ, ಅವರ ಹೆಬ್ಬೆರಳು ಕೂರುವ ಕಡೆ, ಕೆಂಪು ಕಂಡಿತು. ಕೆರೆದರು. ಮರುದಿನ ಮತ್ತೆ ಕಂಡಿತು. ಅದು ಅಪ್ಪನ ಕಪ್ಪು ಉಳಿದಿದ್ದ ಜಾಗ.

ಉಪ್ಪಿನಕಾಯಿ ತಿಂದ ಕೈ ಅಂದರು. ಬಟ್ಟೆ ಸರಿಯಿಲ್ಲ ಅಂದರು. ನನ್ನ ಬಚ್ಚಲಿನ ಹಬೆ ಮೆಟ್ಟಿಲಿಳಿದು ಬರುತ್ತಿದೆ ಅಂದರು. ಕುಣಿಯಲಾರದವಳಿಗೆ ನೆಲ ಡೊಂಕು ಎಂದು ನಾನು ಮನಸ್ಸಿನಲ್ಲೇ ನಕ್ಕೆ. ಆಮೇಲೆ ನಾಚಿಕೆಯಾಯಿತು, ಏಕೆಂದರೆ ಅವರಿಗೆ ಗೊತ್ತಿತ್ತು. ಈ ಕಸುಬಿನವರಲ್ಲಿ ಅದಕ್ಕೊಂದು ಹೆಸರೇ ಇದೆ: ತುಕ್ಕಿನ ಕೈ. ಕೆಲವರ ಬೆವರು ಕಬ್ಬಿಣಕ್ಕೆ ಆಗಿಬರುವುದಿಲ್ಲ. ಕಲಿಯಲು ಬಂದವರಲ್ಲಿ ಅಂಥ ಕೈ ಕಂಡರೆ ಬೇಗನೆ ಮನೆಗೆ ಕಳಿಸಿಬಿಡುತ್ತಾರೆ. ನಾವು ಕೈಗುಣ ಎನ್ನುತ್ತೇವಲ್ಲ, ಇದು ಕೈಯ ಅವಗುಣ. ಬದುಕೆಲ್ಲ ಕಪ್ಪು ತರಿಸಿದ ಕೈಗೆ ಅದು ಈ ವಯಸ್ಸಿನಲ್ಲಿ ಬಂದಿತ್ತು.

“ದುಃಖಕ್ಕೆ ಹಾಗಾಯ್ತು ಅಂತ ಬರೀಲಾ?” ಎಂದೆ.

“ಯಾವ ದುಃಖ?”

“ಒಳಗೇ ಇಟ್ಕೊಂಡಿರೋದು, ಬೆವರಾಗಿ...”

“ಮಾತ್ರೆ ಕಣೇ. ಡಾಕ್ಟ್ರೇ ಹೇಳಿದ್ರು. ದುಃಖಕ್ಕೆಲ್ಲ ತುಕ್ಕು ಹಿಡಿಯೋ ಹಾಗಿದ್ರೆ ಈ ಊರಲ್ಲಿ ಒಂದು ಮೊಳೆ ಉಳೀತಿರ್ಲಿಲ್ಲ.”

“ಕೈಗವಸು ಹಾಕ್ಕೊಂಡ್ರೆ?”

“ಕೈಗವಸು ಹಾಕ್ಕೊಂಡು ಮಗೂಗೆ ಎಣ್ಣೆ ಹಚ್ತಾರಾ?”

“ನನ್ನ ಕೈ ಆಗಲ್ವಾ?”

ಅವರು ನನ್ನ ಅಂಗೈಯನ್ನು ಹಿಡಿದು ನೋಡಿ, ಒದ್ದೆ ಬಟ್ಟೆ ಮುಟ್ಟಿದವರ ಹಾಗೆ ಬಿಟ್ಟರು. “ನೀನು ಬರ್ಕೋ ಹೋಗು.”

ಎಣ್ಣೆ ಸವರಿ ಡಬ್ಬಿಯಲ್ಲಿಡಬಾರದೇ ಎಂದು ನೀವು ಕೇಳುತ್ತೀರಿ. ಶುರುವಾದ ಕೆಂಪು ಡಬ್ಬಿಯೊಳಗೂ ತಿನ್ನುತ್ತದೆ. ದಿನವೂ ಒಂದು ಒಣ ಕೈ ಬೇಕು. ಇಲ್ಲವಾದರೆ ಕೆಸರಿಗೂ ಅಳಿಸಲಾಗದ ಅಪ್ಪನ ಕಪ್ಪನ್ನು ಮಗಳ ಕೈಯೇ ಅಳಿಸುತ್ತದೆ.

೫

(ನಾಲ್ಕನೆಯ ಭಾಗವನ್ನು ಮಸುಯೊ-ಸಾನ್ ಹೊಡೆದುಹಾಕಿಸಿದರು. ಅದರಲ್ಲಿ ಅವರು ಅಳುತ್ತಿದ್ದರು.)

ತಂಗಿಯ ಹೆಸರು ಶಿನೊಬು. ಟ್ರಾಮಿನ ಕೊನೆಯ ನಿಲ್ದಾಣದ ಹತ್ತಿರ ಗೆಣಸು, ಕೆಂಪು ಕಾಳಿನ ಹೂರಣ ತುಂಬಿದ ಕಡುಬಿನ ಅಂಗಡಿ ಇಟ್ಟಿದ್ದಾರೆ. ಚಿಕ್ಕಂದಿನಲ್ಲಿ ಇಬ್ಬರೂ ಅಪ್ಪನ ಪಕ್ಕದಲ್ಲಿ ಕೂತೇ ಕಲಿತವರು. ಅಪ್ಪನ ಮಾತೊಂದು ಓಣಿಗೆಲ್ಲ ಬಾಯಿಪಾಠ: ಉಜ್ಜುವ ಕೈ ಚಿಕ್ಕವಳದ್ದು, ಬಣ್ಣ ನೋಡುವ ಕಣ್ಣು ದೊಡ್ಡವಳದ್ದು. ಹಾಗೆ ಹೇಳುತ್ತಲೇ ಕೊಂಬಿನ ಹತಾರಗಳನ್ನೂ ಕೋಣೆಯನ್ನೂ ಬಿಲ್ಲೆಯನ್ನೂ ದೊಡ್ಡವಳಿಗೇ ಕೊಟ್ಟು ಹೋದರು. ಅಪ್ಪನ ಬೂದಿಯ ಕಾರ್ಯ ಮುಗಿದ ದಿನ ಹೊರಟ ಶಿನೊಬು-ಸಾನ್ ಮತ್ತೆ ಈ ಹೊಸಿಲು ತುಳಿದಿಲ್ಲ. ಹೊಸ ವರ್ಷಕ್ಕೊಂದು ಕಾರ್ಡು ಬರುತ್ತದೆ, ಅಚ್ಚು ಹಾಕಿಸಿದ್ದು.

ಇಲ್ಲಿ ನಾನು ಎರಡು ದಾರಿ ಬರೆದಿಟ್ಟುಕೊಂಡಿದ್ದೆ. ಒಂದರಲ್ಲಿ ನಾನೇ ಬಿಲ್ಲೆಯನ್ನು ಕದ್ದು ತಂಗಿಗೆ ಒಯ್ಯುತ್ತೇನೆ. ಇನ್ನೊಂದರಲ್ಲಿ ತಂಗಿಯ ಕನಸಿನಲ್ಲಿ ಅಪ್ಪ ಬಂದು ಬೈದು, ಆಕೆ ಓಡೋಡಿ ಬರುತ್ತಾರೆ. ಎರಡನ್ನೂ ಓದಿಹೇಳಿದೆ. ಮಸುಯೊ-ಸಾನ್ ಎದ್ದು ಕೋಟು ಹಾಕಿಕೊಂಡರು.

“ಅಪ್ಪ ಕನಸಲ್ಲಿ ಬರೋರಲ್ಲ. ನಿನ್ನ ಕೈಗೆ ಬಿಟ್ರೆ ಕೆಡಿಸ್ತೀಯ. ನಾನೇ ಹೋಗ್ತೀನಿ.”

ಪಾತ್ರ ಹೊರಟ ಮೇಲೆ ಲೇಖಕಿ ಮನೆಯಲ್ಲಿ ಕೂತು ಮಾಡುವುದೇನು? ನಾನೂ ಚಪ್ಪಲಿ ಮೆಟ್ಟಿಕೊಂಡೆ.

೬

ಮಧ್ಯಾಹ್ನ. ಶಿನೊಬು-ಸಾನ್ ಮೊಣಕೈವರೆಗೆ ಹಿಟ್ಟು ಮಾಡಿಕೊಂಡು ಹಬೆಪಾತ್ರೆಯ ಮುಂದೆ ನಿಂತಿದ್ದರು. ಅಕ್ಕನನ್ನು ನೋಡಿ, ಗಿರಾಕಿಗಳಿಗೆ ಹೇಳುವಂತೆಯೇ “ಬನ್ನಿ,” ಎಂದರು.

“ಎಷ್ಟು ಕೊಡ್ಲಿ?”

“ಎರಡು.”

ಕಡುಬು ಕಟ್ಟಿಕೊಟ್ಟರು. ಮಸುಯೊ-ಸಾನ್ ಬಟ್ಟೆಯ ಗಂಟು ಬಿಚ್ಚಿ ಬಿಲ್ಲೆಯನ್ನು ಕೌಂಟರಿನ ಮೇಲಿಟ್ಟರು. ತಂಗಿ ಮುಟ್ಟಲಿಲ್ಲ. ಬಗ್ಗಿ ನೋಡಿದರು.

“ಅಪ್ಪಂದು.”

“ಹೂಂ.”

“ಕೆಂಪಾಗಿದೆ.”

“ನನ್ನ ಕೈ ಕೆಟ್ಟೋಯ್ತು, ಶಿನೊಬು. ತುಕ್ಕು ಹಿಡಿಸ್ತಾ ಇದೆ.”

(ಈ ಮಾತು ನಾನು ಬರೆದದ್ದಲ್ಲ. ನನ್ನ ಕರಡಿನಲ್ಲಿ ಅವರು ಅರ್ಧ ಪುಟ ಕ್ಷಮೆ ಕೇಳುತ್ತಿದ್ದರು.)

ಶಿನೊಬು-ಸಾನ್ ಕೈಯ ಹಿಟ್ಟನ್ನು ಒರೆಸಿಕೊಂಡರು. ಒರೆಸಿದ ಮೇಲೂ ಒರೆಸುತ್ತಲೇ ಇದ್ದರು.

“ಅಪ್ಪ ಕೊಡೋವಾಗ ಕಣ್ಣಿಗೆ ಕೊಟ್ರು. ಈಗ ಕೈ ಬೇಕಾಯ್ತಾ?”

“ಬೇಕಾಯ್ತು.”

“ನಾನು ತಗೊಂಡ್ರೆ ನನ್ನ ಹತ್ರಾನೇ ಇರತ್ತೆ. ವಾಪಸ್ ಕೇಳ್ಬಾರ್ದು. ಮುಟ್ಟೋಕೂ ಕೊಡಲ್ಲ.”

“ಗೊತ್ತು.”

“ಸಾಯೋವರೆಗೂ.”

“ಗೊತ್ತು ಅಂದ್ನಲ್ಲ.”

ಓದುಗರೇ, ಇಲ್ಲಿ ಇಬ್ಬರೂ ತಬ್ಬಿಕೊಳ್ಳಲಿ ಎಂದು ನಿಮಗೆ ಆಸೆಯಿದ್ದರೆ, ನನಗೂ ಇತ್ತು. ಹಬೆ ಇತ್ತು, ಕಣ್ಣು ತೇವವಾಗಲು ನೆಪವಿತ್ತು. ಅವರು ನನ್ನ ಮಾತು ಕೇಳಲಿಲ್ಲ. ಮಸುಯೊ-ಸಾನ್ ಕೊನೆಯ ಬಾರಿಗೆ ಬಿಲ್ಲೆಯನ್ನೊಮ್ಮೆ ಮುಟ್ಟಬಹುದಿತ್ತು. ಕೈ ಅರ್ಧ ದೂರ ಹೋಗಿ ನಿಂತಿತು. ಮುಟ್ಟಿದ್ದರೆ ಇನ್ನೊಂದು ಕೆಂಪು ಮೂಡುತ್ತಿತ್ತು. ಕಡುಬಿನ ಪೊಟ್ಟಣ ತೆಗೆದುಕೊಂಡು ಹೊರಗೆ ಬಂದರು.

ಟ್ರಾಮಿನಲ್ಲಿ ಒಂದು ಕಡುಬು ನನಗೆ ಕೊಟ್ಟು, ಇನ್ನೊಂದನ್ನು ಅವರೇ ಮುರಿದು ತಿಂದರು. “ಹೂರಣಕ್ಕೆ ಉಪ್ಪು ಜಾಸ್ತಿ ಹಾಕ್ತಾಳೆ,” ಎಂದರು.

೭

ಸಂಜೆ ಟಿವಿಯಲ್ಲಿ ಸುಮೊ ಕುಸ್ತಿ ನಡೆಯುತ್ತಿತ್ತು. ಮಸುಯೊ-ಸಾನ್ ಎಂದಿನ ಜಾಗದಲ್ಲಿ ಕೂತಿದ್ದರು. ಎಡ ಅಂಗೈ ಮಡಿಲಲ್ಲಿ ಖಾಲಿಯಾಗಿ ತೆರೆದಿತ್ತು. ಬಲ ಹೆಬ್ಬೆರಳು ಅದರ ಮೇಲೆ ಸುತ್ತು ಹಾಕುತ್ತಿತ್ತು, ಬಿಲ್ಲೆಯ ಅಂಚು ಇರಬೇಕಾದ ಕಡೆ, ನಿಧಾನವಾಗಿ.

“ಏನು ನೋಡ್ತಿದೀಯ?”

“ಏನಿಲ್ಲ.”

“ಇದನ್ನ ಬರೀಬೇಡ.”

(ಬರೆದೆ.)

ಇಲ್ಲಿಗೆ ನಿಲ್ಲಿಸಬಹುದಿತ್ತು. ಕೆಲವು ಮುಕ್ತಾಯಗಳನ್ನು ಪರೀಕ್ಷಿಸಿಯೂ ನೋಡಿದೆ. ಮಾತ್ರೆ ನಿಂತು ಕೈ ಮೊದಲಿನಂತಾಗುತ್ತದೆ: ಡಾಕ್ಟರು ಹಾಗೆ ಹೇಳಿಲ್ಲ. ಆ ಗಿರಾಕಿಯ ಮೊಮ್ಮಗ ಬಿಲ್ಲೆ ಕೇಳಿಕೊಂಡು ಬರುತ್ತಾನೆ: ಬರಲಿ, ಬೇರೆ ಕಥೆಗೆ. ಅಂಗಡಿಗೆ ಬೆಂಕಿ ಬೀಳುತ್ತದೆ: ಇದನ್ನು ಓದಿಹೇಳಿದಾಗ ಮಸುಯೊ-ಸಾನ್ ನನಗೆ ಎರಡು ದಿನ ಚಹಾ ಕೊಡಲಿಲ್ಲ.

ಮುಕ್ತಾಯವಲ್ಲ

ಶರತ್ಕಾಲ, ಪರ್ಸಿಮನ್ ಹಣ್ಣು ಬರುವ ಹೊತ್ತು. ಕಡುಬಿನ ಅಂಗಡಿಗೆ ರಜೆಯ ದಿನ. ಬಾಗಿಲು ಸರಿದ ಸದ್ದಾಯಿತು. ಹೊಸಿಲಿನ ಆಚೆ ಶಿನೊಬು-ಸಾನ್ ನಿಂತಿದ್ದರು.

“ಅಕ್ಕ.”

ಒಳಗೆ ಬನ್ನಿ ಎಂದು ನಾನಂದೆ. ಬರಲಿಲ್ಲ. ಅಲ್ಲೇ ನಿಂತು ಬಟ್ಟೆ ಬಿಚ್ಚಿದರು.

“ಬಣ್ಣ ಕೂತಿದೆಯಾ ನೋಡು. ದಿನಾ ಹೂರಣ ಕದಡಿ ಕದಡಿ, ನಂಗೆ ಎಲ್ಲಾ ಹೂರಣದ ಬಣ್ಣಾನೇ ಕಾಣತ್ತೆ.”

ಮಸುಯೊ-ಸಾನ್ ಕೈ ತಾನಾಗಿ ಮುಂದೆ ಹೋಯಿತು.

“ಮುಟ್ಬೇಡ. ನೋಡು ಅಷ್ಟೆ.”

ಅವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಹಿಂದೆ ನಿಂತಿದ್ದ ನನಗೆ ಆ ಕೈಗಳು ಕಾಣುತ್ತಿದ್ದವು. ಒಂದು ಇನ್ನೊಂದನ್ನು ಬಿಗಿಯಾಗಿ ಹಿಡಿದಿತ್ತು.

“ಬಿಸಿಲಿಗೆ ತಿರುಗ್ಸು. ಇನ್ನೂ ಸ್ವಲ್ಪ. ಅಂಚು ತೋರ್ಸು.”

ತಂಗಿ ತಿರುಗಿಸಿದರು. ಅಕ್ಕನ ಹೆಬ್ಬೆರಳು ಕೂರುತ್ತಿದ್ದ ಜಾಗ ಬೆಳಕಿಗೆ ಬಂತು. ನಾನೂ ಭುಜದ ಮೇಲಿಂದ ಇಣುಕಿದೆ. ಕಪ್ಪು. ಮೂಲಂಗಿಯಿಂದ ಅಂಚಿನವರೆಗೆ ಎಲ್ಲೂ ಕೆಂಪಿಲ್ಲ. ‘ಬಣ್ಣ ಬಂದಿತ್ತು’ ಎಂಬ ಕೊನೆಯ ವಾಕ್ಯವನ್ನು ಮನಸ್ಸಿನಲ್ಲಿ ಬರೆದೂ ಆಯಿತು.

ಮಸುಯೊ-ಸಾನ್ ಬಹಳ ಹೊತ್ತು ನೋಡಿದರು.

“ಇನ್ನೂ ಇಲ್ಲ,” ಎಂದರು. “ಮುಂದಿನ ತಿಂಗಳು ಮತ್ತೆ ತಗೊಂಡು ಬಾ.”

ನನ್ನ ಕಣ್ಣಿಗೆ ಅದು ಕಪ್ಪಾಗಿಯೇ ಇತ್ತು. ಆದರೆ ಕಣ್ಣು ನನ್ನದಲ್ಲವಲ್ಲ. ಶಿನೊಬು-ಸಾನ್ ಬಿಲ್ಲೆಯನ್ನು ಬಿಟ್ಟು ಅಕ್ಕನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ನಂಬಿದರೋ ಇಲ್ಲವೋ ನಾನು ಬರೆಯುವುದಿಲ್ಲ. ಬಿಲ್ಲೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು, “ತಗೊಂಡು ಬರ್ತೀನಿ,” ಎಂದರು.