ಮೊದಲು ಒಂಟೆ, ಆಮೇಲೆ ಬಾಗಿಲು

ಚಹಾದ ಹಬೆಗೆ ಈರಣ್ಣ ಕಾಕಾನ ಕನ್ನಡಕ ಮಂಜಾಗುತ್ತದೆ, ಒರೆಸಿಕೊಳ್ಳುತ್ತಾರೆ, ಮತ್ತೆ ಮಂಜು, ಇವರಿಗೆ ಅವಸರವೆಂಬುದೇ ಇಲ್ಲ, ಚದುರಂಗದ ಮಣೆಯ ಮೇಲೆ ಬಿಳಿ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನೂಕಿ ಆರಾಮ ಕೂತಿದ್ದಾರೆ, ಕ್ಯಾಂಪಿನ ಈ ಹಳೆಯ ಬಂಗಲೆಯಲ್ಲಿ ಅವಸರವೆಲ್ಲ ಎದುರು ಕೂತ ಪ್ರಮಿಳಾಳದೇ — ಗೆದ್ದವರಿಗೆ ಬೆಳಗಾವಿ ತಂಡದಲ್ಲಿ ಜಾಗ, ಸೋತರೆ ನಾಳೆ ಆಟೋ ನಗರದ ಆಫೀಸಿನಲ್ಲಿ, ಎದುರು ಮೇಜಿನಿಂದ, ಇದೇ ಕಾಕಾನ ಅದೇ ಹಳೇ ಮಾತು, ಕರೀ ಕಾಯಿ ನಿನಗ ಒಗ್ಗೂದಿಲ್ಲ ಬಿಡವಾ. ಒಗ್ಗುವುದಿಲ್ಲವಂತೆ! ಖರೇ, ಇಷ್ಟು ವರ್ಷ ಒಗ್ಗಲಿಲ್ಲ, ತನ್ನ ರಾಜನ ಕಾಲಾಳನ್ನು ಒಂದು ಮನೆ ಸರಿಸಿ ಭದ್ರವಾದೆ ಅಂದುಕೊಳ್ಳುವುದು, ಆಮೇಲೆ ನೋಡಿದರೆ ಮಂತ್ರಿಯ ಬಾಜುವಿನ ಒಂಟೆ ತನ್ನವರ ಹಿಂದೆಯೇ ಸಿಕ್ಕಿಬಿದ್ದಿರುವುದು, ಬೇರೆ ದಾರಿಯಿದೆ, ಕಾರೋ-ಕಾನ್ ಅಂತ, ಕರೀ ಕಾಯಿಯವರು ಆಟ ಶುರುಮಾಡುವ ಒಂದು ಬಗೆ, ಫೋನಿನಲ್ಲಿ ನೋಡಿ ನಡೆಗಳನ್ನೆಲ್ಲ ಬಾಯಿಪಾಠ ಮಾಡಿದಳು, ಯಾಕೆ ಹಾಗೆ ಎನ್ನುವುದು ಮಾತ್ರ ತಲೆಗೆ ಹತ್ತಲಿಲ್ಲ, ಹತ್ತಿದ್ದು ನಿನ್ನೆ, ಖಾನಾಪುರದ ತವರಿನಲ್ಲಿ, ಸಂಜೆ, ಚಳಿ, ನಾಯಿ ಪಾಪ ಅನಿಸಿ ಅದನ್ನೂ ಕುರಿಗಳ ಜೊತೆ ದಡ್ಡಿಯೊಳಗೆ ಸೇರಿಸಿ ಮುಳ್ಳಿನ ಬಾಗಿಲು ಎಳೆದಳು, ಅಜ್ಜಿ ಭರಮವ್ವ ಕೋಲು ಕುಟ್ಟುತ್ತ ಬಂದಳು, ಯವ್ವಾ, ಪ್ಯಾಟಿ ಸೇರಿ ಎಲ್ಲಾ ಮರತಿಯೇನ, ಒಳಗ ಹಾಕಿ ಮುಚ್ಚಿದ್ರ ತ್ವಾಳ ಬಂದಾಗ ಅದೂ ಒಂದ ಕುರೀನ, ಮೊದಲ ನಾಯಿ ಹೊರಗ ಬಿಡು, ಆಮ್ಯಾಲ ಬಾಗಲಾ ಹಾಕು — ನಾಯಿ ಹಾರಿ ಹೊರಬಂತು, ಕಿವಿ ನಿಮಿರಿಸಿ ಬಯಲಿಗೆ ಮುಖ ಮಾಡಿ ಕೂತಿತು, ಪ್ರಮಿಳಾ ಅಜ್ಜಿಯನ್ನು ತಬ್ಬಿ ಕುಣಿದೇಬಿಟ್ಟಳು, ಬಿಡ ಹುಚ್ಚಿ, ಸೊಂಟ ಮುರೀತೈತಿ.

ಈಗ ಆ ಒಂಟೆಯ ಮುಂದಿನ ಕಾಲಾಳು ಒಂದು ಮನೆ, ಕಾಕಾನ ಹುಬ್ಬು ಮೇಲೇರಿತು, ಇದೇನವಾ ಹೊಸಾದು, ಆಡ್ರಿ ಕಾಕಾ, ಅವರ ಮಂತ್ರಿಯ ಕಾಲಾಳು ಎರಡು ಮನೆ, ಇವಳದೂ ಎರಡು, ಅವರು ರಾಜನ ಕಾಲಾಳನ್ನು ಇನ್ನೂ ಮುಂದಕ್ಕೆ ನುಗ್ಗಿಸಿದರು, ಬಾರೋ ತೋಳಪ್ಪ ಬಾ, ಹುಟ್ಟುಗುಣ ಸುಟ್ಟರೂ ಹೋಗದು, ಕೈ ತನ್ನ ರಾಜನ ಕಾಲಾಳಿನತ್ತ, ಬಾಗಿಲು ಮುಚ್ಚಲು ಹೊರಟೇಬಿಟ್ಟಿದೆ, ಮುಟ್ಟಿದರೆ ಅದನ್ನೇ ನಡೆಸಬೇಕು, ಮುಟ್ಟಬೇಡ, ತಡಿ, ನಾಯಿ ಎಲ್ಲಿ, ನಾಯಿ ಇನ್ನೂ ಒಳಗಿದೆ — ಒಂಟೆಯನ್ನು ಓರೆಯಾಗಿ ಹೊರಗೆ ಜಾರಿಸಿದಳು, ಆಮೇಲೆ, ಆಮೇಲೆಯೇ, ಬಾಗಿಲು, ಅಯ್ಯೋ ಎಷ್ಟು ಸುಖ, ಕಾಕಾ ಅತ್ತ ನುಗ್ಗುತ್ತಾರೆ, ಒಂಟೆ, ಇತ್ತ ನುಗ್ಗುತ್ತಾರೆ, ಒಂಟೆ, ಚಹಾ ಆರಿ ತಣ್ಣಗಾಗಿದೆ, ಕನ್ನಡಕದಲ್ಲಿ ಮಂಜಿಲ್ಲ, ಎಲ್ಲವೂ ಅವರಿಗೆ ಸ್ವಚ್ಛವಾಗಿ ಕಾಣುತ್ತಿದೆ, ಸೋಲೊಪ್ಪಿ ತಮ್ಮ ರಾಜನನ್ನು ತಾವೇ ಮೆಲ್ಲಗೆ ಮಲಗಿಸಿ ಕೈ ಚಾಚಿದ್ದಾರೆ, ಒಗ್ಗಿತಲ್ಲವಾ ಕರೀ ಕಾಯಿ, ಆ ಕೈ ಹಿಡಿದು ಕುಲುಕುತ್ತಾಳೆ, ನಗು ಬರುತ್ತಿದೆ, ಮುಳ್ಳಿನ ಬಾಗಿಲು ಮುಚ್ಚಿದೆ, ಹೊರಗೆ ನಾಯಿ, ನಿಮಿರಿದ ಎರಡು ಕಿವಿ