ಕೆಂಪು ದೀಪಕ್ಕೆ ನಿಂತ ತಪ್ಪು

ಡ್ರೈವಿಂಗ್ ಕಲಿಸುವ ಮೇಷ್ಟ್ರ ಕಾರಿನಲ್ಲಿ ಬ್ರೇಕು ಎರಡು: ಒಂದು ಕಲಿಯುವವರ ಕಾಲಿಗೆ, ಇನ್ನೊಂದು ಮೇಷ್ಟ್ರ ಜೀವಕ್ಕೆ. ಹದಿನೆಂಟು ವರ್ಷದಲ್ಲಿ ಆ ಕಾರು ಒಂದು ಇರುವೆಗೂ ತಾಗಿರಲಿಲ್ಲ. ಕಳೆದ ತಿಂಗಳು ಶಿಷ್ಯೆ ನರ್ಸಕ್ಕ ಕೆಂಪು ದೀಪ ಕಂಡು ಹೂವಿಟ್ಟಂತೆ ನಿಲ್ಲಿಸಿದಳು. ಮೇಷ್ಟ್ರು "ಶಭಾಷ್" ಅನ್ನುವಷ್ಟರಲ್ಲಿ ಹಿಂದಿನಿಂದ ಹಾಸಿಗೆ ಸಾಗಿಸುವ ವ್ಯಾನು ಬಂದು ಗುದ್ದಿತು. ಒಳಗೆಲ್ಲ ಮೆತ್ತನೆ ಹಾಸಿಗೆ; ಗುದ್ದಿದ್ದು ಮಾತ್ರ ಕಬ್ಬಿಣ.

ತಪ್ಪು ವ್ಯಾನಿನವನದೇ ಎಂದು ಪೊಲೀಸರು ಬರೆದುಕೊಟ್ಟರು. ಆ ಕಾಗದವನ್ನು ಮೇಷ್ಟ್ರು ಮಗನ ಮಾರ್ಕ್ಸ್ ಕಾರ್ಡಿನಂತೆ ಎದೆಗವಚಿಕೊಂಡು ವಿಮೆ ಕಚೇರಿಗೆ ಬಂದರು. ಕಾರಿನ ವಿಮೆ ಇವತ್ತಿಗೆ ಮುಗಿಯುತ್ತಿತ್ತು. ನಾಳೆ ಹತ್ತು ಗಂಟೆಗೆ ಇದೇ ಕಾರಿನಲ್ಲಿ ನರ್ಸಕ್ಕನ ಲೈಸೆನ್ಸ್ ಪರೀಕ್ಷೆ; ವಿಮೆಯಿಲ್ಲದ ಗಾಡಿಯನ್ನು ಅಲ್ಲಿ ಒಳಗೇ ಬಿಡುವುದಿಲ್ಲ. ಪಾಸಾದರೆ ಮನೆಮನೆಗೆ ಹೋಗಿ ಬಾಣಂತಿಯರನ್ನು ನೋಡಿಕೊಳ್ಳುವ ಕೆಲಸ ಅವಳಿಗೆ. ತಪ್ಪಿದರೆ ಬೇರೆಯವರ ಪಾಲು.

ಕೌಂಟರಿನ ಹುಡುಗಿ ಪರದೆ ನೋಡಿದಳು. "ಅಂಕಲ್, ನಿಮ್ಮ ದರ ಒಂದೂವರೆ ಪಟ್ಟಾಗಿದೆ."

"ಯಾಕಮ್ಮ? ನಾನೆಲ್ಲಿ ಗುದ್ದಿದೆ? ನನಗೆ ಗುದ್ದಿದ್ದು."

"ತಪ್ಪು ಯಾರದು ಅಂತ ಸಿಸ್ಟಮ್ ಕೇಳಲ್ಲ ಅಂಕಲ್. ಗುದ್ದಿಸಿಕೊಂಡ್ರಾ, ಇಲ್ವಾ, ಅಷ್ಟೇ. ಒಂದ್ಸಲ ಗುದ್ದಿಸಿಕೊಂಡೋರು ಇನ್ನೊಂದ್ಸಲಾನೂ ಗುದ್ದಿಸಿಕೊಳ್ತಾರಂತೆ."

"ಕೆಂಪು ದೀಪಕ್ಕೆ ನಿಲ್ಲದೆ ಇನ್ನೇನು ಮಾಡ್ಬೇಕಿತ್ತು?"

"ನೀವು ಅಲ್ಲಿ ಇಲ್ದೇ ಇದ್ದಿದ್ರೆ ಆಗ್ತಿತ್ತಾ, ನೀವೇ ಹೇಳಿ?"

"ಸರಿ, ಇನ್ಮೇಲೆ ಕಾರು ಮನೆ ಮುಂದೆ ನಿಲ್ಲಿಸಿ ಮಲಗಿಬಿಡ್ತೀನಿ."

"ಅಯ್ಯೋ, ನಿಂತ ಗಾಡಿಗೇ ಅಂಕಲ್ ಜಾಸ್ತಿ ಗುದ್ದೋದು," ಎಂದಳು ಹುಡುಗಿ, ನಿಜವಾದ ಕನಿಕರದಿಂದ.

ಮೇಷ್ಟ್ರ ಮೈ ಉರಿದುಹೋಯಿತು. ಬಂಪರನ್ನು ಹಗ್ಗದಲ್ಲಿ ಕಟ್ಟಿಕೊಂಡು ತಿಂಗಳಾಗಿತ್ತು. ಅದರ ಪರಿಹಾರ ಇನ್ನೂ 'ಪರಿಶೀಲನೆಯಲ್ಲಿ' ಮಲಗಿತ್ತು. ದರ ಏರಿಸಲು ಮಾತ್ರ ಯಾವ ಪರಿಶೀಲನೆಯೂ ಬೇಕಾಗಿರಲಿಲ್ಲ.

ಅಷ್ಟರಲ್ಲಿ ಪಕ್ಕದ ಕೌಂಟರಿನಲ್ಲಿ ನಗೆ ಕೇಳಿಸಿತು. ತಿರುಗಿದರೆ ಹಾಸಿಗೆ ವ್ಯಾನಿನವನು! ಹಳೇ ಕಂಪನಿ ದರ ಏರಿಸಿತೆಂದು ಮುನಿಸಿಕೊಂಡು ಇಲ್ಲಿಗೆ ಹಾರಿದ್ದ. ಇಲ್ಲಿ ಅವನು ಹೊಸ ಗ್ರಾಹಕ, ಈಗಷ್ಟೇ ಹುಟ್ಟಿದ ಕೂಸಿನಷ್ಟು ನಿಷ್ಪಾಪಿ. ಸ್ವಾಗತದ ರಿಯಾಯಿತಿ ಕೊಟ್ಟು, ಮೇಲೊಂದು ಕೀಚೈನನ್ನೂ ಕೈಗಿಟ್ಟಿದ್ದರು.

"ಅಣ್ಣಾ, ನಿಮ್ಮನ್ನ ಎಲ್ಲೋ ನೋಡಿದೀನಲ್ಲ?" ಎಂದ.

"ಹಿಂದಿನಿಂದ ನೋಡಿದೀಯಪ್ಪ."

ಬೇರೆ ಕಂಪನಿಗೆ ಹಾರಲು ಹೊತ್ತಿರಲಿಲ್ಲ. ಹೊಸ ಬಂಪರಿಗೆಂದು ಎತ್ತಿಟ್ಟಿದ್ದ ದುಡ್ಡನ್ನು ಮೇಷ್ಟ್ರು ಹಲ್ಲು ಕಚ್ಚಿಕೊಂಡು ಕಟ್ಟಿದರು.

ಹೊರಗೆ ನರ್ಸಕ್ಕ ಸ್ಟಿಯರಿಂಗ್ ಹಿಡಿದು ಕಾಯುತ್ತಿದ್ದಳು. "ಏನಂದ್ರು ಮೇಷ್ಟ್ರೇ?"

"ನೀನು ಚೆನ್ನಾಗಿ ನಿಲ್ಲಿಸಿದ್ದಕ್ಕೆ ನನಗೆ ದಂಡ ಹಾಕಿದ್ರು. ನಡಿ ತಾಯಿ, ಪರೀಕ್ಷೆಗೆ ಒಂದು ಸುತ್ತು ಹೊಡಿ."

ಮುಂದಿನ ಸರ್ಕಲ್ಲಿನಲ್ಲೇ ದೀಪ ಕೆಂಪಾಯಿತು. ಕನ್ನಡಿ ತುಂಬ ಅದೇ ವ್ಯಾನು. ಅವನು ಒಂದು ಕೈಯಲ್ಲಿ ಫೋನ್ ಹಿಡಿದು ಯಾರಿಗೋ ರಿಯಾಯಿತಿಯ ಕಥೆ ಹೇಳುತ್ತಿದ್ದ.

ನರ್ಸಕ್ಕ ಬ್ರೇಕಿನ ಮೇಲೆ ಕಾಲಿಟ್ಟು ಕನ್ನಡಿ ನೋಡಿದಳು. "ಮೇಷ್ಟ್ರೇ... ನಿಲ್ಲಿಸ್ಲಾ?"

ಹದಿನೆಂಟು ವರ್ಷದಲ್ಲಿ ಯಾವ ಶಿಷ್ಯರೂ ಕೇಳದಿದ್ದ ಪ್ರಶ್ನೆ. ಮೇಷ್ಟ್ರ ಕಣ್ಣೂ ಕನ್ನಡಿಯಲ್ಲೇ ನೆಟ್ಟಿತ್ತು. ಕಾಲು ಮಾತ್ರ ಹಳೇ ಪಾಠ ಮರೆತಿರಲಿಲ್ಲ. ತನ್ನ ಪಾಲಿನ ಬ್ರೇಕನ್ನು ಒತ್ತಿಬಿಟ್ಟಿತು. ಕಾರು ಗೆರೆಯ ಹಿಂದೆ ಅಚ್ಚುಕಟ್ಟಾಗಿ ನಿಂತಿತು.

ಇಬ್ಬರೂ ಕುತ್ತಿಗೆ ಬಿಗಿಹಿಡಿದು, ಕಣ್ಣು ಮುಚ್ಚಿ ಕಾದರು.